ಹಿತ್ತಲ ಕಡೆ – 7: ಕೆಂಚನ ಬಾಯಲ್ಲಿ ಕೋಳಿ ಇತ್ತು, ನಿಜ

1/5

ಫೋಟೋದಲ್ಲಿರೋದು ನಮ್ಮನೆ ಕೋಳಿಗೂಡು. ಖಾಲಿ ಕಾಣ್ತಿದೆಯಲ್ಲ, ಇವತ್ತಿನ ವಿಷಯ ಅದೇ. ಹೋದ ಸೋಮವಾರ ಕಾಲೇಜಿಗೆ ಯಾಕೆ ಬರ್ಲಿಲ್ಲ ಅಂತ ನಿಮ್ಮಲ್ಲಿ ನಾಲ್ಕೈದು ಜನ ಕೇಳಿದ್ರಿ. ಜ್ವರ ಅಂದಿದ್ದೆ. ಜ್ವರ ಇರ್ಲಿಲ್ಲ.

ಹೊಸಬರಿಗೆ ಹೇಳ್ತೀನಿ: ನಮ್ಮೂರು ತೀರ್ಥಹಳ್ಳಿ ಕಡೆ. ಸುತ್ತ ಅಡಿಕೆ ತೋಟ, ಹಿಂದೆ ಕಾಡು, ಪಕ್ಕದಲ್ಲಿ ಒಂದೇ ಒಂದು ಮನೆ. ಅಮ್ಮ ಹನ್ನೆರಡು ಹೇಂಟೆ, ಎರಡು ಹುಂಜ ಸಾಕಿದ್ಲು. ಎಲ್ಲಾ ನಾಟಿ ಕೋಳಿ. ಅಡಿಕೆ ದುಡ್ಡು ಅಪ್ಪನ ಕೈಗೆ ಹೋಗತ್ತೆ, ಕೋಳಿ ದುಡ್ಡು ಅಮ್ಮನ ಕೈಗೆ. ನನ್ನ ಬಸ್ ಪಾಸು, ಎಕ್ಸಾಂ ಫೀಸು, ಈ ಫೋನಿನ ರೀಚಾರ್ಜು ಎಲ್ಲಾ ಕೋಳಿ ದುಡ್ಡಲ್ಲೇ ಆಗೋದು.

ಸೋಮವಾರ ಬೆಳಗ್ಗೆ ಗೂಡಿನ ಬಾಗಿಲು ತೆಗೆದ ಅಮ್ಮ ಕಿರುಚಿದ್ದು ಕೇಳಿ ಓಡಿದೆ. ಒಳಗೆ ಆರು ಕೋಳಿ ಸತ್ತು ಬಿದ್ದಿದ್ವು. ಏಳು ಮೂಲೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ಕೂತಿದ್ವು. ಒಂದು ಲೆಕ್ಕಕ್ಕೆ ಸಿಗ್ಲಿಲ್ಲ.

ಅದನ್ನ ಹುಡುಕ್ತಾ ತೋಟದ ಕಡೆ ಹೋದವಳು ನಾನು. ಪಕ್ಕದ ಮನೆ ನಾಯಿ ಕೆಂಚ ಅಲ್ಲಿ ನಿಂತಿದ್ದ. ಬಾಯಲ್ಲಿ ನಮ್ಮ ಕೋಳಿ.

"ಅಪ್ಪಾ, ಕೆಂಚ!" ಅಂತ ಕೂಗಿದೆ. ಅಷ್ಟೇ ನಾನು ಮಾಡಿದ್ದು. ಆದ್ರೆ ಆ ಎರಡು ಪದ ಸಾಕಾಯ್ತು.

2/5

ಪಕ್ಕದ ಮನೆಯವರನ್ನ ನಾನು ದೊಡ್ಡಮ್ಮ ಅಂತೀನಿ. ನೆಂಟಸ್ತಿಕೆ ಏನಿಲ್ಲ, ಚಿಕ್ಕಂದಿನಿಂದ ಹಾಗೇ ಕರೆದು ಅಭ್ಯಾಸ. ಮಗ ಬೆಂಗಳೂರಲ್ಲಿ. ದೊಡ್ಡಮ್ಮ ಮತ್ತೆ ಕೆಂಚ ಇಬ್ಬರೇ ಮನೆಯಲ್ಲಿ. ರಾತ್ರಿ ಕರೆಂಟ್ ಹೋದ್ರೆ ಅವರು ಕೆಂಚನ ಜೊತೆ ಮಾತಾಡೋದು ನಮ್ಮ ಜಗಲಿಗೆ ಕೇಳಿಸತ್ತೆ.

ಅಪ್ಪ ಅವರ ಅಂಗಳದಲ್ಲಿ ನಿಂತು ಕೂಗಾಡಿದ್ರು. ದೊಡ್ಡಮ್ಮ, "ನನ್ನ ನಾಯಿ ಇವತ್ತಿನವರೆಗೂ ಒಂದು ಕೋಳಿಮರಿ ಮುಟ್ಟಿಲ್ಲ" ಅಂದ್ರು. ಅಪ್ಪ, "ನನ್ನ ಮಗಳು ಕಣ್ಣಾರೆ ಕಂಡಿದಾಳೆ" ಅಂದ್ರು. ದೊಡ್ಡಮ್ಮ ನನ್ನ ಕಡೆ ತಿರುಗಿ, "ಹೌದೇನೆ, ನೀನು ಕಂಡ್ಯಾ?" ಅಂತ ಕೇಳಿದ್ರು.

"ಹೂಂ" ಅಂದೆ. ಸುಳ್ಳಲ್ಲ. ಕಂಡಿದ್ದೆ.

ಹನ್ನೊಂದು ಗಂಟೆಗೆ ಅಪ್ಪ ಫೋನಲ್ಲಿ ಯಾರಿಗೋ ಹೇಳ್ತಿದ್ರು: "ಮಾಂಸದಲ್ಲಿ ಕಲಸಿ ಬೇಲಿ ಹತ್ರ ಇಟ್ರಾಯ್ತು, ಬೆಳಗಾಗೋದ್ರಲ್ಲಿ ಮುಗಿಯತ್ತೆ." ಹಳ್ಳಿಯಿಂದ ಬರೋರಿಗೆ ಅರ್ಥ ಆಗಿರತ್ತೆ. ತೋಟಕ್ಕೆ ಹೊಡೆಯೋ ಔಷಧಿ ಇಡೋ ಕೋಣೆ ನಮ್ಮನೆಯಲ್ಲೂ ಇದೆ.

ಹೊಟ್ಟೆ ತೊಳೆಸಿದ ಹಾಗಾಯ್ತು. ನಾನು ಕಂಡಿದ್ದು ಕೋಳಿ ಕಚ್ಚಿಕೊಂಡಿದ್ದ ನಾಯಿಯನ್ನ. ನಾಯಿ ಕೋಳಿ ಕೊಂದಿದ್ದನ್ನ ನಾನು ಕಂಡಿರ್ಲಿಲ್ಲ. ಎರಡೂ ಬೇರೆ ಅಂತ ಆಗ ಹೊಳೀತು.

3/5

ಆರು ಕೋಳಿ ಹೂಳೋ ಕೆಲಸ ನನ್ನ ಪಾಲಿಗೆ ಬಂತು. ಹೂಳೋ ಮುಂಚೆ ಒಂದೊಂದನ್ನೇ ನೋಡಿದೆ. ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡಿದ್ದೆ. ನೀವೂ ಬರಿಗೈಯಲ್ಲಿ ಮುಟ್ಟಬೇಡಿ.

ಗಾಯ ಎಲ್ಲಾ ಕುತ್ತಿಗೆಯಲ್ಲಿ, ತಲೆಯ ಬುಡದಲ್ಲಿ. ಪುಕ್ಕ ಸರಿಸಿದ್ರೆ ಪಕ್ಕಪಕ್ಕ ಎರಡು ಸಣ್ಣ ತೂತು. ಜಾಮಿಟ್ರಿ ಬಾಕ್ಸಿನ ಸ್ಕೇಲ್ ತಂದು ಅಳೆದೆ, ನಡುವೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ. ಬೆನ್ನು, ತೊಡೆ, ಹಿಂಭಾಗ ಎಲ್ಲೂ ಗಾಯ ಇಲ್ಲ. ನಾಯಿ ಸಾಮಾನ್ಯವಾಗಿ ಓಡೋ ಕೋಳಿಯನ್ನ ಹಿಂದಿನಿಂದ ಹಿಡಿದು ಕೊಡವಿ ಹರೀತದೆ. ಅಂಗಳ ತುಂಬಾ ಪುಕ್ಕ ಚೆಲ್ಲಾಪಿಲ್ಲಿ ಆಗತ್ತೆ.

ಆಮೇಲೆ ಬೇಲಿ ದಾಟಿ ಹೋದೆ. ದೊಡ್ಡಮ್ಮ ಕೆಂಚನ್ನ ಆಗ್ಲೇ ಕಟ್ಟಿಹಾಕಿದ್ರು. ಅವನ ಬಾಯಿ ಬಿಡಿಸಿ ಮೇಲಿನ ಎರಡು ಕೋರೆಹಲ್ಲಿನ ನಡುವೆ ಸ್ಕೇಲ್ ಇಟ್ಟೆ. ಹತ್ತಿರತ್ತಿರ ನಾಲ್ಕು ಸೆಂಟಿಮೀಟರ್. ಪಾಪ, ಬಾಲ ಅಲ್ಲಾಡಿಸ್ತಾ ನಿಂತಿದ್ದ. ದೊಡ್ಡಮ್ಮ ಬಾಗಿಲಲ್ಲಿ ನಿಂತು ನೋಡ್ತಿದ್ರು, ಒಂದು ಮಾತೂ ಆಡ್ಲಿಲ್ಲ.

ಗೂಡಿಗೆ ವಾಪಸ್ ಬಂದೆ. ಬೆಳಗ್ಗೆ ಅಮ್ಮ ಬಂದಾಗ ಅಗಳಿ ಹಾಕಿದ್ದು ಹಾಕಿದ್ದ ಹಾಗೇ ಇತ್ತು. ನೆಲ ಎಲ್ಲೂ ಕೆರೆದಿರ್ಲಿಲ್ಲ. ಮತ್ತೆ ದಾರಿ? ಮೇಲೆ. ತಗಡಿನ ಒಂದು ಮೂಲೆ ಎದ್ದು, ಅಂಗೈ ಅಗಲದ ಸಂದು ಬಿದ್ದಿತ್ತು. ಸ್ಟೂಲ್ ಹತ್ತಿ ನೋಡಿದ್ರೆ ಅದರ ಅಂಚಿಗೆ ಪುಕ್ಕ ಸಿಕ್ಕಿಕೊಂಡಿತ್ತು. ತಗಡಿನ ಮೇಲೂ ಪುಕ್ಕ. ಹಲಸಿನ ಮರದ ಕೊಂಬೆ ಅಲ್ಲಿಗೇ ಬಗ್ಗಿದೆ.

ಕೆಂಚ ಮರ ಹತ್ತಲ್ಲ.

ಬಿಕಾಂ ಮಕ್ಕಳಿಗೆ ಒಂದು ಮಾತು. ಆಡಿಟಿಂಗ್ ಕ್ಲಾಸಲ್ಲಿ 1896ರ ಇಂಗ್ಲೆಂಡಿನ ಕಿಂಗ್‌ಸ್ಟನ್ ಕಾಟನ್ ಮಿಲ್ ಕೇಸ್ ಓದಿದೀವಲ್ಲ? ಆಡಿಟರ್ ಅಂದ್ರೆ ಕಾವಲು ನಾಯಿ, ಬೇಟೆ ನಾಯಿ ಅಲ್ಲ ಅಂತ. ಐದು ಮಾರ್ಕ್ಸಿಗೆ ಬಾಯಿಪಾಠ ಮಾಡಿದ್ದೆ. ಎಂಟ್ರಿ ಇದ್ರೆ ಸಾಲದು, ವೋಚರ್ ನೋಡ್ಬೇಕು ಅನ್ನೋದನ್ನೂ ಬರೆದಿದ್ದೆ. ನಮ್ಮನೆ ಹಿತ್ತಲಲ್ಲಿ ಮಾತ್ರ ವೋಚರ್ ನೋಡದೇ ಸಹಿ ಹಾಕಿಬಿಟ್ಟಿದ್ದೆ.

4/5

ಅಪ್ಪನ ಹತ್ರ ಹೋಗಿ, "ಎರಡು ದಿನ ಟೈಮ್ ಕೊಡಿ, ಏನೂ ಇಡ್ಬೇಡಿ" ಅಂದೆ. ಬೈದ್ರು. ಅಮ್ಮ ಅಡುಗೆ ಮನೆಯಿಂದಲೇ "ಕೋಳಿ ನಂದು, ನಾನು ಹೇಳ್ತೀನಿ, ಎರಡು ದಿನ ಕಾಯಿ" ಅಂದ್ಲು. ಅಪ್ಪ ಸುಮ್ಮನಾದ್ರು.

ಉಳಿದ ಏಳು ಕೋಳಿಯನ್ನ ಬಚ್ಚಲು ಮನೆಯಲ್ಲಿ ಕೂಡಿ ಹಾಕಿದ್ವಿ. ಬಚ್ಚಲ ಒಲೆ ಬೂದಿಯನ್ನ ಜರಡಿ ಹಿಡಿದು ಗೂಡಿನ ಸುತ್ತ, ತಗಡಿನ ಮೇಲೆ ತೆಳ್ಳಗೆ ಹರಡಿದೆ. ಕೆಂಚ ಕಟ್ಟಿದಲ್ಲೇ ಇದ್ದ, ಹಾಗಾಗಿ ಅವನ ಹೆಜ್ಜೆ ಬೀಳೋ ಹಾಗಿರ್ಲಿಲ್ಲ.

ಆ ಸಂಜೆ ಒಬ್ಬೊಬ್ಬರನ್ನೇ ಲಿಸ್ಟಿಂದ ತೆಗೀತಾ ಬಂದೆ. ಇದನ್ನ ಸೇವ್ ಮಾಡ್ಕೊಳ್ಳಿ:

ಹದ್ದು, ಗಿಡುಗ ಬರೋದು ಹಗಲು. ಮರಿ ಎತ್ತಿಕೊಂಡು ಹೋಗ್ತವೆ, ಇಲ್ಲಾ ಬಯಲಲ್ಲೇ ಪುಕ್ಕ ಕಿತ್ತು ತಿಂತವೆ.
ಮುಂಗುಸಿಯೂ ಹಗಲಿನದ್ದು. ಮೊಟ್ಟೆ, ಮರಿ ಅಂದ್ರೆ ಬಿಡಲ್ಲ.
ಹಾವು ಇಡೀ ನುಂಗತ್ತೆ. ಮೊಟ್ಟೆ, ಮರಿ ಸುಳಿವೇ ಇಲ್ಲದೆ ಮಾಯ ಆದ್ರೆ ಅದನ್ನ ನೆನೀರಿ. ಹೆಬ್ಬಾವು ಕೋಳಿ ನುಂಗಿ ಹೊಟ್ಟೆ ದಪ್ಪ ಆಗಿ ಗೂಡಲ್ಲೇ ಸಿಕ್ಕಿಬೀಳೋದೂ ಉಂಟು.
ನರಿ, ಕಾಡುಬೆಕ್ಕು ಸಾಮಾನ್ಯವಾಗಿ ಹೊತ್ತುಕೊಂಡು ಹೋಗ್ತವೆ. ಉಳಿಯೋದು ಪುಕ್ಕ ಮಾತ್ರ.
ಗಾಯನೇ ಇಲ್ಲದೆ ಸಾಲಾಗಿ ಸತ್ರೆ ಅದು ಬೇಟೆ ಅಲ್ಲ. ಕೊಕ್ಕರೆ ರೋಗನೂ ಇರಬಹುದು. ಪಶು ಆಸ್ಪತ್ರೆಗೆ ಹೇಳಿ, ಆ ಕೋಳಿ ತಿನ್ನಬೇಡಿ, ಮಾರಬೇಡಿ.

ಎರಡನೇ ಫೋಟೋ ಮಂಗಳವಾರ ಬೆಳಗ್ಗೆದು. ತಗಡಿನ ಮೇಲೆ ಬೂದಿಯಲ್ಲಿ ಬಿದ್ದ ಹೆಜ್ಜೆ. ಎಣಿಸಿ ನೋಡಿ, ಐದು ಬೆರಳು. ನಾಯಿ ಹೆಜ್ಜೆಯಲ್ಲಿ ಕಾಣೋದು ನಾಲ್ಕೇ, ಬೆಕ್ಕಿಂದೂ ನಾಲ್ಕೇ. ಮೂರನೇ ಫೋಟೋ ನೋಡಿ ಮುಖ ಸಿಂಡರಿಸಬೇಡಿ, ಅದು ಹಿಕ್ಕೆ. ಹಿತ್ತಲ ಕಲ್ಲುಗೋಡೆ ಮೇಲೆ ಸಿಕ್ಕಿದ್ದು. ತುಂಬಾ ಬಗನಿ ಹಣ್ಣಿನ ಬೀಜ. ಕಾಫಿ ತೋಟದ ಕಡೆಯವರು ಇದೇ ತರದ್ದನ್ನ ಕಾಫಿ ಬೀಜದ ಜೊತೆ ನೋಡಿರ್ತೀರಿ.

ಕಬ್ಬೆಕ್ಕು. ರಾತ್ರಿ ಓಡಾಡೋದು, ಮರ ಹತ್ತೋದು, ಹೆಚ್ಚು ತಿನ್ನೋದು ಹಣ್ಣು. ಕೋಳಿ ಸಿಕ್ರೆ ಅದನ್ನೂ ಬಿಡಲ್ಲ. ಮುಚ್ಚಿದ ಗೂಡಲ್ಲಿ ಕೋಳಿಗಳು ಗಾಬರಿಯಿಂದ ರೆಕ್ಕೆ ಬಡಿದ್ರೆ, ಹಸಿವಿಗಿಂತ ಜಾಸ್ತಿ ಕೊಲ್ಲೋದು ಇಂಥ ಪ್ರಾಣಿಗಳಲ್ಲಿ ಉಂಟು. ಒಂದನ್ನ ಎಳ್ಕೊಂಡು ಹೋಗಿ ಅರ್ಧ ತಿಂದು ಬಿಟ್ಟಿತ್ತು. ಬೆಳಗ್ಗೆ ಕೆಂಚನಿಗೆ ಸಿಕ್ಕಿದ್ದು ಆ ಉಳಿದರ್ಧ.

ಅಪ್ಪನನ್ನ ಸ್ಟೂಲ್ ಮೇಲೆ ಹತ್ತಿಸಿ ತೋರಿಸಿದೆ. ತುಂಬಾ ಹೊತ್ತು ನೋಡಿದ್ರು. "ಹಾಗಾದ್ರೆ ಇದಕ್ಕೇ ಇಡ್ಲಾ?" ಅಂದ್ರು. ಕಬ್ಬೆಕ್ಕಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಕೊಂದ್ರೆ ಕೇಸು. ಅದೂ ಅಲ್ದೆ ವಿಷ ಹೆಸರು ಕೇಳಿ ಕೊಲ್ಲಲ್ಲ. ಕಾಗೆ, ಮನೆ ಬೆಕ್ಕು, ಕೊನೆಗೆ ಕೆಂಚ, ಯಾರು ತಿಂದ್ರೂ ಸಾಯ್ತಾರೆ. ಅಪ್ಪ ಕೆಳಗಿಳಿದು, "ತಂತಿ ಎಲ್ಲಿದೆ?" ಅಂದ್ರು.

5/5

ಇಲ್ಲಿಗೆ ಮುಗಿಸಿದ್ರೆ ನಾನು ಹೀರೋಯಿನ್ ಆಗ್ತಿದ್ದೆ. ಆದ್ರೆ ಆ ತಂತಿ ಎಲ್ಲಿದೆ ಅಂತ ನನಗೆ ಗೊತ್ತಿತ್ತು. ನನ್ನ ಮಂಚದ ಕೆಳಗೆ.

ಮಳೆಗಾಲದ ಗಾಳಿಗೆ ತಗಡು ಎದ್ದಿದ್ದನ್ನ ಅಮ್ಮ ಗಣೇಶ ಹಬ್ಬದ ಮುಂಚೆಯೇ ನೋಡಿದ್ಲು. ತಂತಿ ತಂದುಕೊಟ್ಟು "ಕಟ್ಟೇ" ಅಂದಿದ್ಲು. ಇಂಟರ್ನಲ್ಸ್ ಅಂದೆ, ಅಸೈನ್‌ಮೆಂಟ್ ಅಂದೆ. ಎರಡು ತಿಂಗಳು ನಾಳೆ ನಾಳೆ ಅಂತಲೇ ಹೋಯ್ತು. ಕೆಂಚನ ಹೆಸರು ಅಷ್ಟು ಬೇಗ ನನ್ನ ಬಾಯಿಗೆ ಯಾಕೆ ಬಂತು ಅಂತ ಯೋಚನೆ ಮಾಡಿದ್ರೆ ಈಗ್ಲೂ ನಾಚಿಕೆ ಆಗತ್ತೆ. ನಾಯಿ ಮಾಡಿದ್ದು ಅಂತಾದ್ರೆ ತಗಡಿನ ಕಡೆ ಯಾರೂ ತಲೆ ಎತ್ತಿ ನೋಡಲ್ವಲ್ಲ.

ಅವತ್ತೇ ಅಮ್ಮನಿಗೆ ಹೇಳಿದೆ. "ಗೊತ್ತು ಕಣೆ" ಅಂದ್ಲು. ಅಷ್ಟೇ.

ಸಂಜೆ ನಾನು, ಅಪ್ಪ ದೊಡ್ಡಮ್ಮನ ಮನೆಗೆ ಹೋದ್ವಿ. ಅಪ್ಪ "ತಪ್ಪಾಯ್ತು" ಅಂದ್ರು. ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಕಮ್ಮಿ. ದೊಡ್ಡಮ್ಮ ಕಾಫಿ ಕೊಟ್ರು. ಲೋಟ ಇಡ್ತಾ ನನಗೆ ಹೇಳಿದ್ರು: "ನಾಯಿಗೆ ಮಾತಾಡಕ್ಕೆ ಬರಲ್ಲ. ನೀನು ಓದಿದವಳು, ಒಂದು ಗಳಿಗೆ ಸುಮ್ನಿರಬಹುದಿತ್ತು."

ಈಗ ತಗಡು ಕಟ್ಟಿದೆ. ಸಂದಿಗೆಲ್ಲ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಹೊಡೆದಿದೆ, ಹಲಸಿನ ಕೊಂಬೆ ಕಡಿದಿದೆ. ಒಂದು ಹೇಂಟೆ ಒಂಬತ್ತು ಮೊಟ್ಟೆ ಮೇಲೆ ಕಾವಿಗೆ ಕೂತಿದೆ, 21 ದಿನ ಕಾಯ್ಬೇಕು. ಈ ಸಲದ ಎಕ್ಸಾಂ ಫೀಸಿಗೆ ಅಮ್ಮ ಅಪ್ಪನನ್ನ ಕೇಳ್ಬೇಕಾಯ್ತು. ಅವಳಿಗೆ ಅದು ಇಷ್ಟ ಇಲ್ಲ, ನನಗೆ ಗೊತ್ತು.

ಕೆಂಚ ಇನ್ನೂ ಸರಪಳಿಯಲ್ಲೇ ಇದಾನೆ. "ಬಿಡಿ ದೊಡ್ಡಮ್ಮ, ಎಲ್ಲಾ ಸರಿ ಹೋಯ್ತಲ್ಲ" ಅಂದ್ರೆ, "ಇರ್ಲಿ ಬಿಡು, ಭಯ ಆಗತ್ತೆ" ಅಂತಾರೆ. ನಾಲ್ಕನೇ ಫೋಟೋ ಅವಂದೇ. ನಾನು ಹೋದ್ರೆ ಈಗ್ಲೂ ಬಾಲ ಅಲ್ಲಾಡಿಸ್ತಾನೆ.

ನಿಮ್ಮನೆ ಕೋಳಿಗೆ ಹೀಗಾದ್ರೆ ಹೂಳೋ ಮುಂಚೆ ಕುತ್ತಿಗೆ ನೋಡಿ, ಅಗಳಿ ನೋಡಿ, ತಲೆ ಎತ್ತಿ ತಗಡು ನೋಡಿ. ಆಮೇಲೆ ಹೆಸರು ಹೇಳಿ. ನಿಮ್ಮ ಕಡೆ ಕಬ್ಬೆಕ್ಕಿಗೆ ಏನಂತಾರೆ ಅಂತ ಕಮೆಂಟ್ ಮಾಡಿ.

ಮುಂದಿನ ಸಲ ಮರಿ ಫೋಟೋ ಹಾಕ್ತೀನಿ. ಹೊರಗೆ ಬಂದ್ರೆ.

#ಹಿತ್ತಲಕಡೆ #ನಾಟಿಕೋಳಿ #ಮಲೆನಾಡು