ಕೆಂಪು ನೆಂಟ

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರಕ್ಕೆ ಹೋದಾಗಲೆಲ್ಲ ಒಂದು ಡಜನ್ ಕೆಂಪು ಬಾಳೆಹಣ್ಣು ತರುತ್ತೇನೆ. ಭೌಗೋಳಿಕ ಗುರುತು ಪಡೆದ ಹಣ್ಣು. ದಪ್ಪ ಕೆಂಪು ಸಿಪ್ಪೆ, ಒಳಗೆ ಕೆನೆಬಣ್ಣದ ತಿರುಳು. ಹಿಂದೊಮ್ಮೆ ರಜೆಗೆ ಬಂದಾಗ ಅವ್ವ ಕೇಳಿದ್ದಳು: “ಇಲೀ ಎದಿಯೊಳಗ ಏನ್ ನೋಡ್ತಿಯೋ ಯಪ್ಪಾ?” “ತಿಂದ ಬಾಳೀಹಣ್ಣು ಎಲ್ಲಿಗಿ ಹೋಗ್ತದ ಅಂತ ನೋಡ್ತೀನಿ, ಯವ್ವಾ” ಅಂದಿದ್ದೆ. ಸುಳ್ಳೇನಲ್ಲ.

ಹಣ್ಣಿನ ಪೊಟ್ಯಾಸಿಯಂ ರಕ್ತ ಸೇರಿ ಹೃದಯದ ಜೀವಕೋಶಗಳ ಬಾಗಿಲಿಗೆ ಬರುತ್ತದೆ. ಕೋಶದ ಒಳಗೆ ಅದು ಹೊರಗಿಗಿಂತ ಸುಮಾರು 30 ಪಟ್ಟು ಹೆಚ್ಚು. ಆ ಅಂತರ ಕಾಯುವುದು ಪೊರೆಯಲ್ಲಿರುವ ಪಂಪು: ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ. ಹಿತ್ತಿಲ ಕಣಗಿಲೆಯ ವಿಷ ಕಟ್ಟಿಹಾಕುವುದು ಈ ಪಂಪನ್ನೇ.

ಈ ಓಡಾಟ ಕಾಣಲು ಲ್ಯಾಬಿನಲ್ಲಿ ಇಲಿಯ ಹೃದಯವನ್ನು ಬಲವಾದ ಕಾಂತದೊಳಗಿಟ್ಟು ಪರಮಾಣು ಬೀಜಗಳ ರೇಡಿಯೋ ದನಿ ಕೇಳುತ್ತಿದ್ದೆ. ಆದರೆ ಕಾಂತದೊಳಗೆ ಪೊಟ್ಯಾಸಿಯಂನ ದನಿ ಬಲು ಕ್ಷೀಣ. ಮೇಲಾಗಿ ಮನೆ ತುಂಬ ಅದೇ ಇರುವಾಗ ಹೊಸದಾಗಿ ಬಂದದ್ದು ಯಾವುದೆಂದು ಗುರುತಿಸುವುದು ಹೇಗೆ? ಅದಕ್ಕೇ ನೆಂಟನನ್ನು ಕಳಿಸುವುದು. ಆವರ್ತ ಕೋಷ್ಟಕದಲ್ಲಿ ಪೊಟ್ಯಾಸಿಯಂನ ಕೆಳಮನೆಯಲ್ಲಿರುವ ರುಬಿಡಿಯಂ. 1861ರಲ್ಲಿ ಬುನ್ಸೆನ್ ಮತ್ತು ಕಿರ್ಚಾಫ್ ರೋಹಿತದ ಕಡುಗೆಂಪು ಗೆರೆಗಳಿಂದ ಇದನ್ನು ಪತ್ತೆಹಚ್ಚಿದರು; ಹೆಸರೂ ಆ ಕೆಂಪಿನದೇ. ಪಂಪು ಇದನ್ನೂ ಪೊಟ್ಯಾಸಿಯಂನಂತೆಯೇ ಒಳಗೆ ಕರೆದುಕೊಳ್ಳುತ್ತದೆ. ರುಬಿಡಿಯಂ-87ರ ದನಿಯೋ, ಕೇಳುವಷ್ಟು ಗಟ್ಟಿ.

ಇಲಿಯ ಪುಟ್ಟ ಹೃದಯ. ಮಹಾಪಧಮನಿಗೆ ಕೊಳವೆ ಪೋಣಿಸಿ ರೇಷ್ಮೆ ದಾರದಿಂದ ಬಿಗಿಯಬೇಕು. ದಾರ ಒಂದು ಎಳೆ ಸಡಿಲಾದರೂ ದಿನವೇ ಹಾಳು. ಆಮ್ಲಜನಕ ಬೆರೆತ, 37 ಡಿಗ್ರಿ ಬಿಸಿಯ ಉಪ್ಪುನೀರು ಇಳಿಯತೊಡಗಿದಂತೆ, ಬಿಳಿಚಿಕೊಂಡು ಸುಮ್ಮನಿದ್ದ ಮಾಂಸ ಒಮ್ಮೆ ನಡುಗುತ್ತದೆ, ಮತ್ತೊಮ್ಮೆ, ಆಮೇಲೆ ತಾಳ ಹಿಡಿಯುತ್ತದೆ. ಲಾಂಗೆನ್‌ಡಾರ್ಫ್ 1895ರಲ್ಲಿ ತೋರಿಸಿಕೊಟ್ಟ ವಿದ್ಯೆ. ಎಷ್ಟು ಸಲ ಕಂಡರೂ ನನ್ನ ಕೈ ಒಂದು ಗಳಿಗೆ ನಿಲ್ಲುತ್ತಿತ್ತು.

ಮಿಡಿಯುವ ಆ ಹೃದಯವನ್ನು, ನೀರು ಹರಿಯುತ್ತಿರುವಂತೆಯೇ, ಕಾಂತದೊಳಗೆ ಇಳಿಸುತ್ತಿದ್ದೆ. ಹೀಗೆ ಹರಿಯುವ ದ್ರವ ಕಾಂತದಲ್ಲಿ ಬೇರೆಯದೇ ಸೂಚನೆ ಕೊಡುತ್ತದೆಂದು 1951ರಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಬರೆದಿದ್ದರು. ದೂರದ ಲ್ಯಾಬಿನಲ್ಲಿ ಕೂತು ಅದನ್ನು ಓದಿದಾಗ ಎದೆ ಉಬ್ಬಿತ್ತು.

ಹೃದಯಕ್ಕೆ ಇಳಿಯುವ ನೀರಿಗೆ ರುಬಿಡಿಯಂ ಬೆರೆಸಿದ ಕೂಡಲೇ ದೀಪ ತಗ್ಗಿಸಿ ಪರದೆಯ ಮುಂದೆ ಕೂರುತ್ತಿದ್ದೆ. ಮೊದಲು ಬರೀ ಗದ್ದಲ. ಆಮೇಲೆ ಹೊಲದ ಬದುವಿನಂಥ ಅಗಲ ದಿಬ್ಬ, ಗೆರೆಯಿಂದ ಗೆರೆಗೆ ತುಸು ತುಸು ಎತ್ತರ. ಕಣಗಿಲೆಯ ಜಾತಿಯ ಔಷಧಿ ಹಾಕಿದ ದಿನ ಅದೇ ದಿಬ್ಬ ಏಳಲು ತಿಣುಕುತ್ತಿತ್ತು. ಕೊನೆಗೆ ರುಬಿಡಿಯಂ ಇಲ್ಲದ ನೀರು ಬಿಟ್ಟರೆ ನೆಂಟ ಒಬ್ಬೊಬ್ಬನಾಗಿ ಹೊರಬೀಳುತ್ತಾನೆ, ದಿಬ್ಬ ಕರಗುತ್ತದೆ. ಅಂಕಿ ಬೇಕಾದಷ್ಟು ಸಿಕ್ಕ ಮೇಲೂ, ಆ ಕೊನೆಯ ಉಬ್ಬು ನೆಲಸಮವಾಗುವವರೆಗೆ ನಾನು ಏಳುತ್ತಿರಲಿಲ್ಲ.