ಮಳೆಯ ಹೆಸರಿನ ಚುಕ್ಕಿಗಳು

ಗೋಡೆ ಕ್ಯಾಲೆಂಡರಿನ ಜೂನ್ ಹಾಳೆಯಲ್ಲಿ 8ರ ಆಸುಪಾಸಿನ ಚೌಕದೊಳಗೆ ‘ಮೃಗಶಿರಾ ಮಳೆ’ ಎಂದೂ 22ರ ಆಸುಪಾಸಿನಲ್ಲಿ ‘ಆರಿದ್ರಾ ಮಳೆ’ ಎಂದೂ ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ. ಹಾಲಿನ ಲೆಕ್ಕವನ್ನೂ ಗ್ಯಾಸ್ ಸಿಲಿಂಡರ್ ಬಂದ ದಿನವನ್ನೂ ಅದರ ಮೇಲೆಯೇ ಗೀಚುವ ನಗರದ ಮನೆಗಳಲ್ಲಿ ಆ ಅಕ್ಷರಗಳನ್ನು ಓದುವವರಿಲ್ಲವಾದರೂ, ಅವನ್ನು ಕೈಬಿಡುವ ಧೈರ್ಯ ಯಾವ ಮುದ್ರಕನಿಗೂ ಬಂದಂತಿಲ್ಲ. ಮಳೆನಕ್ಷತ್ರವೆಂದರೆ ಸೂರ್ಯನ ವಾರ್ಷಿಕ ಹಾದಿಯನ್ನು 27 ಪಾಲು ಮಾಡಿದಾಗ ಅವನು ಆ ಹೊತ್ತಿಗೆ ಇರುವ ಪಾಲಿನ ಹೆಸರು, ಪ್ರತಿ ಪಾಲಿಗೂ 13-14 ದಿನ. ಹೀಗಾಗಿ ಆರಿದ್ರಾ ಮಳೆ ಸುರಿಯುವ ದಿನಗಳಲ್ಲಿ ಆರಿದ್ರಾ ನಕ್ಷತ್ರವು ಹೆಚ್ಚುಕಡಿಮೆ ಸೂರ್ಯನ ಜೊತೆಗೇ ಹುಟ್ಟಿ ಅವನ ಜೊತೆಗೇ ಮುಳುಗುವುದರಿಂದ, ಆಕಾಶದಲ್ಲಿ ತುಣುಕು ಮೋಡವಿಲ್ಲದಿದ್ದರೂ ಅದು ಕಣ್ಣಿಗೆ ಬೀಳದು. ರೈತನ ಬಾಯಲ್ಲಿ ಒಂದು ಚುಕ್ಕಿಯ ಹೆಸರು ಅತಿ ಹೆಚ್ಚು ಬರುವುದು ಅದು ಕಾಣದೆ ಹೋದ ಪಕ್ಷದಲ್ಲಿಯೇ. ಹಗಲು ಹನ್ನೊಂದರ ಮುಹೂರ್ತದಲ್ಲಿ ಚಪ್ಪರದ ಸಂದಿಯಿಂದ ಪುರೋಹಿತರು ಅರುಂಧತಿಯನ್ನು ತೋರಿಸಿ, ವಧೂವರರು ‘ಕಂಡೆವು’ ಎಂದು ತಲೆಯಾಡಿಸುವ ನಾಡಿನಲ್ಲಿ ಇದನ್ನು ದೊಡ್ಡ ವಿಚಿತ್ರವೆಂದು ಹೇಳುವಂತೆಯೂ ಇಲ್ಲ.

ಈ ಚುಕ್ಕಿಗಳು ನಿಜವಾಗಿ ನೆತ್ತಿಯ ಮೇಲೆ ಬರುವುದು ಸಂಕ್ರಾಂತಿಯ ಹೊತ್ತಿಗೆ, ಅಂದರೆ ಬಯಲುಸೀಮೆಯ ಹಳ್ಳಿಗಳಲ್ಲಿ ಕಣದ ಕಾಲಕ್ಕೆ. ಸಗಣಿ ಸಾರಿಸಿದ ಕಣದಲ್ಲಿ ರೋಣಗಲ್ಲು ಉರುಳಿಸಿ ಬಡಿದ ರಾಗಿಯನ್ನು ತೂರಿ ಮುಗಿಸುವಷ್ಟರಲ್ಲಿ ಕತ್ತಲಾಗುತ್ತಿತ್ತಾದ್ದರಿಂದ ರಾಶಿ ಕಾಯಲು ಯಾರಾದರೊಬ್ಬರು ಅಲ್ಲೇ ಮಲಗಬೇಕಿತ್ತು. ಈ ಪ್ರಬಂಧದ ಲೇಖಕನ ಪಾಲಿನ ನಕ್ಷತ್ರವೀಕ್ಷಣೆಯೆಲ್ಲ ಮೊದಲಾದದ್ದು ತಾತನ ಕರಿಕಂಬಳಿಯ ಒಂದು ಅಂಚಿನಡಿಯಲ್ಲಿ, ಮೂಗಿಗೆ ರಾಗಿಹೊಟ್ಟಿನ ತುರಿಕೆ ಹತ್ತಿಸಿಕೊಂಡು. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯಷ್ಟು ಬೇಕು, ಮಂದ ಬೆಳಕನ್ನು ಹಿಡಿಯುವ ಅಕ್ಷಿಪಟದ ಕೋಶಗಳಲ್ಲಿ ಬಣ್ಣದ್ರವ್ಯವೊಂದು ಮತ್ತೆ ತುಂಬಿಕೊಳ್ಳಲು ಹಿಡಿಯುವ ಕಾಲವದು ಎಂಬುದು ಆಮೇಲೆ ಪುಸ್ತಕದಿಂದ ತಿಳಿದ ಮಾತು. ತಾತ ಬೀಡಿಗೆ ಕಡ್ಡಿ ಗೀರಿದಾಗಲೆಲ್ಲ ಅಷ್ಟು ಹೊತ್ತಿನ ಗಳಿಕೆ ಕ್ಷಣದಲ್ಲಿ ಅಳಿಸಿಹೋಗಿ, ಆಕಾಶಗಂಗೆ ಮೆಲ್ಲಗೆ ಮೊದಲಿನಿಂದ ಹರಡಿಕೊಳ್ಳಬೇಕಾಗುತ್ತಿತ್ತು.

ಆರಿದ್ರೆಯ ವಿಷಯ ಇಷ್ಟಕ್ಕೇ ಮುಗಿಯುವುದಿಲ್ಲ. ಭೂಮಿಯ ಅಕ್ಷ ಬುಗುರಿಯಂತೆ ತೂಗಾಡುತ್ತ ಸುಮಾರು 26,000 ವರ್ಷಕ್ಕೊಂದು ಸುತ್ತು ಹಾಕುವುದನ್ನು ಅಯನಚಲನೆ ಎನ್ನುತ್ತಾರೆ. ಇದರಿಂದಾಗಿ ಋತುಗಳು ನಕ್ಷತ್ರಗಳ ಹಿನ್ನೆಲೆಯಲ್ಲಿ 72 ವರ್ಷಕ್ಕೆ ಒಂದು ಡಿಗ್ರಿಯಂತೆ ಹಿಂದೆ ಸರಿದು, ಸುಮಾರು 960 ವರ್ಷಕ್ಕೆ ಒಂದು ಇಡೀ ನಕ್ಷತ್ರದಷ್ಟು ಜರುಗುತ್ತವೆ. ಸೂರ್ಯ ದಕ್ಷಿಣಕ್ಕೆ ಮುಖ ತಿರುಗಿಸುವ ದಿನ ಹಿಂದೊಮ್ಮೆ ಆಶ್ಲೇಷೆಯ ನಡುಭಾಗದಲ್ಲಿ ಬರುತ್ತಿದ್ದುದಾಗಿಯೂ ತನ್ನ ಕಾಲಕ್ಕೆ ಅದು ಪುನರ್ವಸುವಿಗೆ ಬಂದಿರುವುದಾಗಿಯೂ 6ನೆಯ ಶತಮಾನದ ವರಾಹಮಿಹಿರ ಬರೆದಿಟ್ಟಿದ್ದಾನೆ. ಇಂದು ಅದು ಆರಿದ್ರೆಯ ಹೊಸ್ತಿಲಿಗೆ ಬಂದು ನಿಂತಿದೆ. ಇದೇ ಲೆಕ್ಕವನ್ನು ಹಿಂದಕ್ಕೆ ನಡೆಸಿದರೆ, ಪಂಪನ ಕಾಲದ ಬೇಸಾಯಗಾರನಿಗೆ ಈಗಿನ ಆರಿದ್ರಾ ಮಳೆಯ ದಿನಗಳು ಪುನರ್ವಸುವಿನ ಪಾಲಿಗೆ ಸೇರುತ್ತಿದ್ದವು, ಈಗ ಮೃಗಶಿರೆಯ ಲೆಕ್ಕಕ್ಕೆ ಜಮೆಯಾಗುವ ಮುಂಗಾರಿನ ಮೊದಲ ಹನಿಗಳು ಆರಿದ್ರೆಯವಾಗಿದ್ದವು. ‘ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರ’ ಎಂಬ ಗಾದೆ ಯಾವ ಆರಿದ್ರೆಯನ್ನು ಕುರಿತು ಹುಟ್ಟಿತು, ಮುಂಗಾರು ಕಾಲಿಡುವ ಆರಿದ್ರೆಯನ್ನೋ ಬಿತ್ತಿದ್ದು ಒಣಗುವ ಹೊತ್ತಿನ ಆರಿದ್ರೆಯನ್ನೋ, ಎಂದು ಪಂಚಾಂಗ ಹಿಡಿದು ವಾದಿಸುವುದಕ್ಕೆ ಒಂದು ಸಂಜೆಯೇನು, ಒಂದು ಮಳೆಗಾಲವೇ ಸಾಲದು. ವಾದಿಸುವವರು ಒಮ್ಮೆಯಾದರೂ ಹೊರಗೆ ಬಂದು ತಲೆಯೆತ್ತಿ ನೋಡಿರುತ್ತಾರೆಂಬ ಖಾತ್ರಿಯಂತೂ ಇಲ್ಲ.

ತಲೆಯೆತ್ತಿ ನೋಡುವುದಕ್ಕೇ ಮೀಸಲಾದ ಜಾಗವೊಂದು ದೇಶದ ಆ ತುದಿಯಲ್ಲಿದೆ. ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 4500 ಮೀಟರ್ ಎತ್ತರದ ಬೋಳುಗುಡ್ಡದ ಮೇಲೆ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ವೀಕ್ಷಣಾಲಯವಿದ್ದು, ಸುತ್ತಲಿನ ಪ್ರದೇಶವನ್ನು 2022ರಲ್ಲಿ ಕತ್ತಲ ಆಕಾಶದ ಮೀಸಲು ತಾಣವೆಂದು, ಎಂದರೆ ಹೊರದೀಪಗಳಿಗೆ ಕಡಿವಾಣ ಹಾಕಿ ಇರುಳನ್ನು ಇರುಳಾಗಿಯೇ ಉಳಿಸುವ ತಾಣವೆಂದು ಘೋಷಿಸಲಾಯಿತು. ಅಲ್ಲಿನ ಊರವರಿಗೇ ದೂರದರ್ಶಕ ಕೊಟ್ಟು, ಬಂದವರಿಗೆ ಆಕಾಶ ತೋರಿಸುವ ತರಬೇತಿ ನೀಡಲಾಗಿದೆ. ಗುಡ್ಡದ ಮೇಲಿನ 2 ಮೀಟರ್ ವ್ಯಾಸದ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಮಾತ್ರ ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ. ಟೋಲ್‌ಗೇಟು, ಗೋದಾಮು, ಬಿರಿಯಾನಿ ಅಂಗಡಿಗಳ ಬೆಳಕಿನಲ್ಲಿ ಹಗಲೂ ರಾತ್ರಿಯೂ ಒಂದೇ ಆಗಿರುವ ಆ ಹೆದ್ದಾರಿಯ ಊರಿನಲ್ಲಿ ಕುಳಿತವರ ಪರದೆಯ ಮೇಲೆ ದೇಶದ ಅತ್ಯಂತ ಕಪ್ಪು ಆಕಾಶಗಳಲ್ಲೊಂದು ತೆರೆದುಕೊಳ್ಳುತ್ತದೆಂಬುದು ಹೊಸಕೋಟೆಯ ಬಗ್ಗೆ ಹೇಳಬಹುದಾದ ಅತ್ಯಂತ ಸೊಗಸಾದ ಸಂಗತಿ.

ಆರಿದ್ರೆ ಕೆಂಪಗೆ, ಧಾರಾಳವಾಗಿ ಬೆಳಗುವ ನಕ್ಷತ್ರವಾದ್ದರಿಂದ ನಗರದಲ್ಲೂ ಉಳಿದುಕೊಂಡಿದೆ; 2019ರ ಕೊನೆಯಿಂದ 2020ರ ಫೆಬ್ರುವರಿಯವರೆಗೆ ತಾನೇ ಉಗುಳಿದ ದೂಳು ಅಡ್ಡಬಂದು ಅದು ಮಂಕಾದಾಗ ಆ ವ್ಯತ್ಯಾಸವನ್ನು ತಾರಸಿಯ ಮೇಲಿಂದ ಬರಿಗಣ್ಣಲ್ಲೇ ಗುರುತಿಸಬಹುದಾಗಿತ್ತು. ಅದರ ನೆರೆಯ ಮೃಗಶಿರೆಗೆ ಆ ಭಾಗ್ಯವಿಲ್ಲ. ಜಿಂಕೆಯ ತಲೆ ಎನಿಸಿಕೊಂಡ ಮೂರು ಪುಟ್ಟ ಚುಕ್ಕಿಗಳ ಆ ಗೊಂಚಲನ್ನು ಜೂನಿನಲ್ಲಿ ಸೂರ್ಯ ನುಂಗಿದರೆ ಜನವರಿಯಲ್ಲಿ ಬೀದಿದೀಪ ನುಂಗುತ್ತದೆ. ಅದನ್ನು ನೋಡಬೇಕಾದವರು ಅಮಾವಾಸ್ಯೆಯ ಆಸುಪಾಸಿನಲ್ಲಿ ಬಸ್ಸು ಹತ್ತಿ, ಕಡೂರಿನ ಆಚೆ ಎಲ್ಲಾದರೂ ಇಳಿದು, ಊರಿನ ಕೊನೆಯ ಮನೆಯನ್ನೂ ದಾಟಿ ನಡೆಯಬೇಕು.

ಕಣದಲ್ಲಿ ಅದಕ್ಕೆ ಕತ್ತು ಹೊರಳಿಸುವ ಶ್ರಮವೂ ಇರಲಿಲ್ಲ. ಶಾಲೆಯ ಪುಸ್ತಕದ ಚಿತ್ರದೊಂದಿಗೆ ಆಕಾಶವನ್ನು ತಾಳೆ ನೋಡಿದ ಹುಡುಗನೊಬ್ಬ, ನೆತ್ತಿಯ ಕೆಂಪು ಚುಕ್ಕಿಗೆ ಬೆರಳು ಮಾಡಿ, ಅಗೋ ಅದೇ ಆರಿದ್ರೆ ಎಂದು ಹೆಮ್ಮೆಯಿಂದ ತಾತನಿಗೆ ತೋರಿಸಿದ್ದುಂಟು. ವರ್ಷವರ್ಷವೂ ಆರಿದ್ರೆಯ ಹೆಸರು ಹೇಳಿ ಬಿತ್ತಿದ ಆ ಮುದುಕ ಬೀಡಿ ಇಳಿಸಿ ಒಂದು ಗಳಿಗೆ ಮೇಲೆ ನೋಡಿ, ಆಮೇಲೆ ಪಕ್ಕದ ರಾಶಿಯ ಕಡೆ ನೋಡಿ, ‘ಸುಮ್ನೆ ಮಲಿಕ್ಕೊ ಮಗ, ಕಣದಾಗೆ ರಾಗಿ ಐತೆ, ಈಗ ಮಳೆ ಹೆಸ್ರು ಎತ್ಬೇಡ’ ಎಂದು ಕಂಬಳಿ ಎಳೆದುಕೊಂಡ.