ಸುಟ್ಟ ಫ್ಯೂಸು

ಬಿ.ಎ. ಓದುವವನಿಗೂ ಕಾರಿನ ವಿದ್ಯುತ್ತಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಏನೂ ಇಲ್ಲವೆಂದೇ ನಾನೂ ತಿಳಿದಿದ್ದೆ. ಆದರೆ ನಮ್ಮ ತಂದೆಯವರು ಬಾಡಿಗೆ ಕಾರು ಓಡಿಸಿ ಸಂಸಾರ ಸಾಗಿಸುವವರು. ಆ ಕಾರಿನಲ್ಲಿ ಏನು ಕೆಟ್ಟರೂ ಅದರ ಬಿಸಿ ನಮ್ಮ ಅಡಿಗೆಮನೆಗೆ ತಟ್ಟದೆ ಇರುವುದಿಲ್ಲ.

ಕಳೆದ ಬೇಸಗೆಯ ರಜೆಯಲ್ಲಿ ಒಂದು ದಿನ, ಕಾರಿನೊಳಗೆ ಮೊಬೈಲನ್ನು ಚಾರ್ಜ್ ಮಾಡುವ ಸಾಕೆಟ್ಟು ಸತ್ತುಹೋಯಿತು. ಸಿಗರೇಟು ಹೊತ್ತಿಸುವುದಕ್ಕೆಂದು ಹುಟ್ಟಿದ ಆ ಗುಳಿಗೆ ಈಗ ದಾರಿ ತೋರಿಸುವ, ಬಾಡಿಗೆ ತಂದುಕೊಡುವ ಮೊಬೈಲನ್ನು ಸಾಕುವ ಕೆಲಸ ಬಂದಿದೆ. ಮಧ್ಯಾಹ್ನಕ್ಕೆ ಮೊಬೈಲು ಕಣ್ಣು ಮುಚ್ಚಿತು. ಅದರೊಡನೆ ಬಾಡಿಗೆಯೂ ನಿಂತಿತು. ಸಾಲದ ಕಂತು ಕಟ್ಟಲು ಐದೇ ದಿನ ಉಳಿದಿತ್ತು.

ತಂದೆಯವರು ಹೊಸ ಫ್ಯೂಸು ತಂದು ಹಾಕಿದರು. ಅದೂ ಸುಟ್ಟಿತು. ಹಿಂದಿನ ದಿನ ಕಾರು ತೊಳೆದಿದ್ದ ಪಕ್ಕದ ಬೀದಿಯ ಹುಡುಗನ ಮೇಲೆ ಅನುಮಾನ ಹೋಯಿತು. “ಒಳಗೆಲ್ಲ ನೀರು ಹೊಯ್ದು ಕೆಡಿಸಿದೆಯಲ್ಲೋ!” ಎಂದು ಗದರಿಸಿದರು. ಅವನು ತಲೆ ತಗ್ಗಿಸಿಕೊಂಡು, ಬರಬೇಕಾದ ಕೂಲಿಯನ್ನೂ ಕೇಳದೆ ಹೊರಟುಹೋದ. ಸಂಜೆ ಯಾರೋ ಬಲ್ಲವರು ಉಪಾಯ ಹೇಳಿದರು: ಫ್ಯೂಸಿನ ಜಾಗಕ್ಕೆ ತಾಮ್ರದ ತಂತಿ ಸುತ್ತಿಬಿಟ್ಟರೆ ಮತ್ತೆ ಸುಡುವ ಮಾತೇ ಇಲ್ಲ! ತಂದೆಯವರು ತಂತಿಯನ್ನೂ ತಂದರು.

ನಾನು ಅಡ್ಡ ಬಂದೆ. ಫ್ಯೂಸು ಸುಡುವುದು ಅದರ ದೋಷವಲ್ಲ, ಅದರ ಧರ್ಮ. ಮಿತಿ ಮೀರಿ ವಿದ್ಯುತ್ತು ಹರಿದಾಗ ತಾನು ಕರಗಿ ತಂತಿಯನ್ನು ಉಳಿಸುತ್ತದೆ. ಅದನ್ನು ತೆಗೆದು ತಾಮ್ರ ಸುತ್ತಿದರೆ, ಮುಂದೆ ಸುಡುವುದು ಡ್ಯಾಷ್‌ಬೋರ್ಡಿನ ಒಳಗಿನ ತಂತಿ, ಆಮೇಲೆ ಕಾರು. “ಹಾಗಾದರೆ ನೀನೇ ನೋಡಪ್ಪ, ಓದಿದವನು” ಎಂದರು ತಂದೆಯವರು. ಆ ಮಾತಿನಲ್ಲಿ ನಂಬಿಕೆ ಎಷ್ಟಿತ್ತೋ, ಹಂಗಿಸುವಿಕೆ ಎಷ್ಟಿತ್ತೋ, ನಾನರಿಯೆ.

ಮೆಕ್ಯಾನಿಕ್ ವಿದ್ಯೆ ನನಗೆ ತಿಳಿಯದು. ಆದರೆ ಜಾನ್ ಸ್ಟೂಅರ್ಟ್ ಮಿಲ್ 1843ರಲ್ಲಿ ಪ್ರಕಟಿಸಿದ ತರ್ಕಗ್ರಂಥದ ಒಂದು ಸೂತ್ರ ತಿಳಿದಿತ್ತು. ಎರಡು ಸಂದರ್ಭಗಳಲ್ಲಿ ಉಳಿದೆಲ್ಲವೂ ಒಂದೇ ಆಗಿದ್ದು, ಒಂದು ಮಾತ್ರ ಬೇರೆಯಾಗಿ, ಫಲವೂ ಬೇರೆಯಾದರೆ, ಕಾರಣವನ್ನು ಆ ಒಂದರಲ್ಲಿ ಹುಡುಕಬೇಕು. ಪರೀಕ್ಷೆಗೆಂದು ಉರು ಹೊಡೆದದ್ದನ್ನು ಈಗ ಪ್ರಯೋಗಿಸಿದೆ.

ನಮ್ಮ ಚಾರ್ಜರನ್ನು ನೆರೆಯವರ ಕಾರಿಗೆ ಹಾಕಿದೆ, ಕೆಲಸ ಮಾಡಿತು. ಅವರದನ್ನು ನಮ್ಮ ಕಾರಿಗೆ ಹಾಕಿದೆ; ಮಾಡಲಿಲ್ಲ. ಆದ್ದರಿಂದ ಚಾರ್ಜರು ನಿರ್ದೋಷಿ. ದೀಪ, ಹಾರನ್ನು ಸರಿಯಾಗಿದ್ದವು, ಬ್ಯಾಟರಿಯೂ ನಿರ್ದೋಷಿ. ಸಾಕೆಟ್ಟಿನ ಫ್ಯೂಸು ನೀಲಿ ಬಣ್ಣದ್ದು, 15 ಆಂಪಿಯರಿನದು. 12 ವೋಲ್ಟಿಗೆ ಗುಣಿಸಿದರೆ 180 ವ್ಯಾಟ್. ಮೊಬೈಲಿನ ಚಾರ್ಜರು 20 ವ್ಯಾಟ್ ಎಳೆದರೂ 2 ಆಂಪಿಯರು ದಾಟದು. ಹಾಗಾದರೆ 15ನ್ನು ಮೀರಿಸಿದವರು ಯಾರು? ಸಾಕೆಟ್ಟಿಗೆ ಏನನ್ನೂ ಸಿಕ್ಕಿಸದೆ, ಅದೇ ಅಳತೆಯ ಹೊಸ ಫ್ಯೂಸು ಹಾಕಿ ಬೀಗದ ಕೈ ತಿರುಗಿಸಿದೆ. ಕೂಡಲೇ ಸುಟ್ಟಿತು. ಅಪರಾಧಿ ಸಾಕೆಟ್ಟಿನಲ್ಲೋ, ಅದರ ತಂತಿಯಲ್ಲೋ ಇರಬೇಕು.

ಕೀಲಿ ತೆಗೆದು, ಟಾರ್ಚು ಹಿಡಿದು ಗುಳಿಯೊಳಗೆ ಇಣುಕಿದೆ. ತಳದಲ್ಲಿ ಏನೋ ಮಿನುಗಿತು. ಸಾಕೆಟ್ಟಿನ ನಡುವಿನದು ಧನ, ಸುತ್ತಲ ಗೋಡೆ ಋಣ. ಎರಡನ್ನೂ ಮುಟ್ಟಿಕೊಂಡು ಸುಖವಾಗಿ ಮಲಗಿತ್ತು ಒಂದು ನಾಣ್ಯ. ಊದುಬತ್ತಿಯ ಕಡ್ಡಿಗೆ ಹಲಸಿನ ಮೇಣ ಮೆತ್ತಿ ಅದನ್ನು ಮೇಲಕ್ಕೆತ್ತಿದೆ. ಎಂಟಾಣೆ!

ವಾಚಕರೇ, ಆ ಎಂಟಾಣೆ ನನ್ನದು. ಈಗ ಅಂಗಡಿಯಲ್ಲಿ ಯಾರೂ ಮುಟ್ಟದ ನಾಣ್ಯವೆಂದು ಅಜ್ಜಿಯ ಎಲೆಯಡಿಕೆ ಚೀಲದಿಂದ ಆಸೆಪಟ್ಟು ತೆಗೆದುಕೊಂಡು, ಕಾರಿನ ಗೇರಿನ ಮುಂದೆ ಇಟ್ಟು ಮರೆತಿದ್ದೆ. ಯಾವುದೋ ಉಬ್ಬಿನಲ್ಲಿ ಅದು ಹಾರಿ ಗುಳಿಗೆ ಬಿದ್ದಿರಬೇಕು.

ತಂದೆಯವರು ಹೊರಗೆ ನಿಂತಿದ್ದರು. ನಾಣ್ಯವನ್ನು ಜೇಬಿಗೆ ಹಾಕಿಕೊಂಡು “ಸರಿಯಾಯಿತು” ಎಂದರೆ ಸಾಕಿತ್ತು. ಓದಿದ ಮಗನ ಕೀರ್ತಿ ಬೀದಿಯಲ್ಲೆಲ್ಲ ಹರಡುತ್ತಿತ್ತು. ಒಂದು ಕ್ಷಣ ಕೈ ಜೇಬಿನವರೆಗೂ ಹೋಯಿತೆಂದು ಒಪ್ಪಿಕೊಳ್ಳುತ್ತೇನೆ. ಆಗ ತಲೆ ತಗ್ಗಿಸಿಕೊಂಡು ಹೋದ ಹುಡುಗನ ನೆನಪಾಯಿತು. ಮಿಲ್ಲನ ಸೂತ್ರ ಚಾರ್ಜರನ್ನೂ ಬ್ಯಾಟರಿಯನ್ನೂ ಬಿಡುಗಡೆ ಮಾಡಿತ್ತು. ಹುಡುಗನನ್ನು ಬಿಡುಗಡೆ ಮಾಡಬೇಕಾದವನು ನಾನು.

“ಅಪ್ಪ, ಇದು ನಾನು ಇಟ್ಟಿದ್ದು” ಎಂದೆ.

ತಂದೆಯವರು ನಾಣ್ಯವನ್ನು ತಿರುಗಿಸಿ ನೋಡಿದರು. ಎರಡು ದಿನದ ದುಡಿಮೆ ನುಂಗಿದ ಎಂಟಾಣೆ. ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಅವರು ಬೈಯಲಿಲ್ಲ. “ಫ್ಯೂಸು ಹಾಕು, ಆ ಹುಡುಗನ ಮನೆಗೆ ಹೋಗಿಬರೋಣ” ಎಂದರು.

ಹೋದೆವು. ತಂದೆಯವರು ಅವನ ಕೂಲಿ ಕೊಟ್ಟು, “ತಪ್ಪು ನಮ್ಮದು ಕಣಪ್ಪ” ಎಂದರು. ನಾನೂ ಹಾಗೆಯೇ ಹೇಳಿದೆ. ಅವನು ನಾಚಿಕೊಂಡು ನಕ್ಕ. ಮರಳಿ ಬರುವಾಗ ಮೊಬೈಲು ಬಾಡಿಗೆ ಬಂದಿತೆಂದು ಕೂಗಿತು. ತಾಮ್ರದ ತಂತಿ ಈಗ ನಮ್ಮ ಹಿತ್ತಲಿನಲ್ಲಿ ಹೀರೆಬಳ್ಳಿಗೆ ಚಪ್ಪರವಾಗಿದೆ.